ಸಾವಿರ ಅಧ್ಯಾಯ ದಾಟಿದ ಕಥೆಯನ್ನು ತೂಗುವುದು ಹೇಗೆ?

‘ಒನ್ ಪೀಸ್ ಎಷ್ಟನೇ ಅಧ್ಯಾಯದಿಂದ ಚೆನ್ನಾಗಿದೆ?’ ಮಾಂಗಾ (ಜಪಾನಿ ಚಿತ್ರಕಥೆ) ಓದುವವರ ಬಳಗಕ್ಕೆ ಹೊಸದಾಗಿ ಸೇರಿದವರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರಗಳೂ ಸಿದ್ಧವಾಗಿರುತ್ತವೆ. ಒಬ್ಬರು ‘ಮೊದಲ ಪುಟದಿಂದಲೇ’ ಅನ್ನುತ್ತಾರೆ. ಇನ್ನೊಬ್ಬರು ‘ನೂರು ಅಧ್ಯಾಯ ತಡ್ಕೊ, ಆಮೇಲೆ ಬಿಡೋಕಾಗಲ್ಲ’ ಎಂದು ಧೈರ್ಯ ತುಂಬುತ್ತಾರೆ. ಮತ್ತೊಬ್ಬರದು ಬೇರೆಯೇ ರಾಗ: ‘ಎಳೆದೂ ಎಳೆದೂ ಸಾಕಾಯ್ತು ಮಾರಾಯ, ನಾನು ಡ್ರೆಸ್‌ರೋಸಾದಲ್ಲೇ ಕೈಬಿಟ್ಟೆ.’ ಓದಿದ್ದು ಒಂದೇ ಕಥೆ. ಆದರೆ ಯಾರು ಯಾವ ವೇಗದಲ್ಲಿ ಓದಿದರು, ವಾರ ವಾರ ಕಾದು ಓದಿದರೋ ರಜೆಯಲ್ಲಿ ಒಟ್ಟಿಗೆ ಓದಿದರೋ ಎಂಬುದನ್ನು ಯಾರೂ ಹೇಳುವುದಿಲ್ಲ. ಜಗಳ ಹುಟ್ಟುವುದೇ ಅಲ್ಲಿ.

1997ರ ಜುಲೈನಲ್ಲಿ ಶುಯೇಷಾ ಪ್ರಕಾಶನದ ‘ವೀಕ್ಲಿ ಶೋನೆನ್ ಜಂಪ್’ ವಾರಪತ್ರಿಕೆಯಲ್ಲಿ ಈ ಧಾರಾವಾಹಿ ಶುರುವಾದಾಗ ಅದನ್ನು ಬರೆದು ಬಿಡಿಸುವ ಎಯಿಚಿರೊ ಓಡಾ ಅವರಿಗೆ 22 ವರ್ಷ. ಐದು ವರ್ಷದಲ್ಲಿ ಮುಗಿಸುವ ಅಂದಾಜು ಅವರದಾಗಿತ್ತು. 2021ರ ಜನವರಿಯಲ್ಲಿ ಸಾವಿರನೇ ಅಧ್ಯಾಯ ಬಂತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ನೂರನೇ ಸಂಪುಟ. ಕಥೆ ಇನ್ನೂ ಮುಗಿದಿಲ್ಲ. ರಬ್ಬರಿನಂತೆ ಹಿಗ್ಗುವ ಮೈಯ ಹುಡುಗ ಲೂಫಿ ಕಡಲ್ಗಳ್ಳರ ರಾಜನಾಗಲು ಹಡಗು ಹತ್ತಿದ್ದಾನೆ, ಸಂಗಾತಿಗಳನ್ನು ಕೂಡಿಸಿಕೊಳ್ಳುತ್ತ ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾನೆ. ಎಳೆ ಇಷ್ಟೇ.

ಇಷ್ಟುದ್ದದ ಕಥೆಯನ್ನು ‘ಸ್ಲೋ’, ‘ಫಾಸ್ಟ್’ ಎಂಬ ಎರಡು ಮಾತಿನಲ್ಲಿ ತೀರ್ಮಾನಿಸಲು ಆಗುವುದಿಲ್ಲ. ನಾನು ನೋಡುವುದು ಇದನ್ನು: ಕಥೆ ಯಾವುದಕ್ಕೆ ಪುಟ ಖರ್ಚು ಮಾಡಿತು, ಆ ಖರ್ಚು ಮುಂದೆ ಎಲ್ಲಿ ವಸೂಲಾಯಿತು. ಗತಿ ಮೊದಲನೆಯದರ ಲೆಕ್ಕ, ಕಣ್ಣೀರು ಎರಡನೆಯದರದು. ಎರಡನ್ನೂ ಜೊತೆಗಿಟ್ಟು ನೋಡಿದರೆ ‘ಎಳೆದಿದ್ದಾನೆ’ ಎಂಬ ದೂರು ಎಲ್ಲಿ ನಿಜ, ಎಲ್ಲಿ ಅಲ್ಲ ಎಂಬುದು ಗೊತ್ತಾಗುತ್ತದೆ. (ಮುಂದೆ ‘ಒನ್ ಪೀಸ್’ ಮತ್ತು ಇನ್ನೂ ಕೆಲವು ಮಾಂಗಾಗಳ ಗುಟ್ಟುಗಳು ಬರುತ್ತವೆ. ಸಾವುಗಳೂ ಇವೆ. ಬೇಡವಾದವರು ಕೊನೆಯ ಎರಡು ಪ್ಯಾರಾಕ್ಕೆ ಹಾರಬಹುದು.)

ವಾರದ ಓದು, ಸಂಪುಟದ ಓದು

ಜಂಪ್ ಪತ್ರಿಕೆಯಲ್ಲಿ ವಾರಕ್ಕೆ ಬರುವುದು 17ರಿಂದ 19 ಪುಟ. ಚಹಾ ಆರುವುದರೊಳಗೆ ಓದಿ ಮುಗಿಯುತ್ತದೆ, ಆಮೇಲೆ ಒಂದು ವಾರ ಕಾಯಬೇಕು. ಪತ್ರಿಕೆಯ ಜೊತೆ ಓದುಗರ ಅಭಿಪ್ರಾಯದ ಕಾರ್ಡು ಇಡುವ ಪದ್ಧತಿ ಹಳೆಯದು. ಆ ಸಂಚಿಕೆಯಲ್ಲಿ ಹಿಡಿಸಿದ ಮೂರು ಕಥೆ ಯಾವುವೆಂದು ಓದುಗರು ಬರೆದು ಕಳಿಸುತ್ತಾರೆ. ಸತತವಾಗಿ ಕೆಳಗೆ ಉಳಿದ ಧಾರಾವಾಹಿಯನ್ನು ಸಂಪಾದಕರು ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಪ್ರತಿ ವಾರದ 17 ಪುಟದಲ್ಲೂ ಏನಾದರೂ ಒಂದು ನಡೆಯಲೇಬೇಕು, ಕೊನೆಯ ಚೌಕದಲ್ಲಿ ಮುಂದಿನ ವಾರಕ್ಕೊಂದು ಗಾಳ ಹಾಕಲೇಬೇಕು. ಹತ್ತು–ಹನ್ನೊಂದು ಅಧ್ಯಾಯ ಸೇರಿಸಿ ಸಂಪುಟ ಮಾಡಿದಾಗ ಆ ಗಾಳಗಳೆಲ್ಲ ಒಂದರ ಹಿಂದೊಂದು ಬಂದು ಏದುಸಿರು ಬಿಡಿಸುವುದುಂಟು. ವಾರ ವಾರ ಓದುವಾಗ ನಿಂತಲ್ಲೇ ನಿಂತಂತೆ ಕಂಡ ಭಾಗ ಸಂಪುಟದಲ್ಲಿ ಸಲೀಸಾಗಿ ಹರಿಯುವುದೂ ಉಂಟು. ‘ಸುಧಾ’, ‘ತರಂಗ’ದ ಕಾದಂಬರಿಗಳನ್ನು ಮೊದಲು ಧಾರಾವಾಹಿಯಾಗಿ ಓದಿ, ಆಮೇಲೆ ಪುಸ್ತಕವಾಗಿ ಓದಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಡ್ರೆಸ್‌ರೋಸಾ ಪರ್ವವನ್ನೇ ತೆಗೆದುಕೊಳ್ಳಿ. 700ನೇ ಅಧ್ಯಾಯದಿಂದ 801ರವರೆಗೆ, 2013ರಿಂದ 2015ರವರೆಗೆ ನಡೆಯಿತು. ಕಥೆಯೊಳಗೆ ಅದರ ಬಹುಪಾಲು ನಡೆಯುವುದು ಒಂದೇ ಹಗಲಿನಲ್ಲಿ. ವಾರ ವಾರ ಓದಿದವರಿಗೆ ಎರಡೂವರೆ ವರ್ಷ ಒಂದೇ ಊರಿನ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಿಕೊಂಡ ಅನುಭವ. ಸಂಪುಟ ಹಿಡಿದವರಿಗೆ 70ರಿಂದ 80ರವರೆಗೆ ಹನ್ನೊಂದು ಪುಸ್ತಕ, ದಸರಾ ರಜೆಯಲ್ಲಿ ಮುಗಿಸಬಹುದಾದಷ್ಟು. ಇಬ್ಬರೂ ‘ನಿಧಾನ’ ಎಂಬ ಒಂದೇ ಮಾತು ಬಳಸಿದರೂ ಹೇಳುತ್ತಿರುವುದು ಬೇರೆ ಬೇರೆ. ಆದ್ದರಿಂದ ಯಾರದಾದರೂ ವಿಮರ್ಶೆ ಓದುವ ಮೊದಲು ಅವರು ಹೇಗೆ ಓದಿದರು ಎಂದು ಕೇಳಿಕೊಳ್ಳಿ. ನಿಮ್ಮ ತೀರ್ಪು ಹೇಳುವಾಗಲೂ ಅಷ್ಟು ಸೇರಿಸಿ ಹೇಳಿ.

ಅನಿಮೆ ನೋಡಿ ಮಾಂಗಾದ ಗತಿ ಅಳೆಯುವುದನ್ನಂತೂ ಬಿಟ್ಟೇಬಿಡಿ. ತೋಯಿ ಅನಿಮೇಷನ್‌ನ ‘ಒನ್ ಪೀಸ್’ 1999ರ ಅಕ್ಟೋಬರಿನಿಂದ ಟಿವಿಯಲ್ಲಿ ಬರುತ್ತಿದೆ. ಮೂಲ ಕಥೆಯನ್ನು ಹಿಂದೆ ಹಾಕಬಾರದಲ್ಲ, ಹಾಗಾಗಿ ಬಹುಕಾಲ ಒಂದು ಕಂತಿಗೆ ಹೆಚ್ಚುಕಡಿಮೆ ಒಂದೇ ಅಧ್ಯಾಯ ಸಾಗಿತು. ಓಡುವವರು ಓಡುತ್ತಲೇ ಇರುತ್ತಾರೆ, ನೋಡುವವರು ನೋಡುತ್ತಲೇ ಇರುತ್ತಾರೆ. ಇದಕ್ಕೆ ತೀರಾ ವಿರುದ್ಧ ತುದಿಯಲ್ಲಿ 2023ರ ಆಗಸ್ಟಿನ ನೆಟ್‌ಫ್ಲಿಕ್ಸ್ ಸರಣಿಯಿದೆ. ಮೊದಲ 95 ಅಧ್ಯಾಯದ ಕಥೆಯನ್ನು ಅದು ಎಂಟೇ ಕಂತಿನಲ್ಲಿ ಹೇಳಿತು. ಮಾಂಗಾ, ಅನಿಮೆ, ಸರಣಿ ಮೂರರಲ್ಲೂ ಒಂದೇ ದೃಶ್ಯ ನೋಡಿ ಹೋಲಿಸುವುದು ಗತಿಯ ಬಗ್ಗೆ ತಿಳಿಯಲು ಬಲು ಒಳ್ಳೆಯ ಅಭ್ಯಾಸ. ಪುಟ ಕಡಿಮೆಯಾದಾಗ ಕಥೆ ಏನನ್ನು ಬಿಟ್ಟುಕೊಡುತ್ತದೆ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ನಮ್ಮಲ್ಲಿ ಬಹಳ ಜನ ಫೋನಿನಲ್ಲೇ ಓದುತ್ತಾರೆ. ಶುಯೇಷಾದ ‘ಮಾಂಗಾ ಪ್ಲಸ್’ ಆ್ಯಪ್ 2019ರಲ್ಲಿ ಬಂದ ಮೇಲೆ ಜಪಾನಿನಲ್ಲಿ ಪ್ರಕಟವಾಗುವ ಹೊತ್ತಿಗೇ ಇಂಗ್ಲಿಷಿನಲ್ಲಿ ಹೊಸ ಅಧ್ಯಾಯ ಸಿಗುತ್ತದೆ. ಅನುಕೂಲವೇನೋ ಸರಿ, ಆದರೆ ಒಂದು ಎಚ್ಚರ ಬೇಕು. ಎರಡು ಪುಟಕ್ಕೆ ಹರಡಿದ ದೊಡ್ಡ ಚಿತ್ರವನ್ನು ಸಣ್ಣ ಪರದೆಯಲ್ಲಿ ಅರ್ಧರ್ಧ ನೋಡಿ ‘ಏನೂ ಅನ್ನಿಸಲಿಲ್ಲ’ ಎಂದರೆ ಅದು ಬರೆದವನ ತಪ್ಪಲ್ಲ. ಅಂಥ ಪುಟ ಬಂದಾಗ ಫೋನನ್ನು ಅಡ್ಡ ಹಿಡಿಯಿರಿ.

ಪುಟ ತಿರುಗಿಸುವ ಮುನ್ನ

ಮಾಂಗಾವನ್ನು ಬಲದಿಂದ ಎಡಕ್ಕೆ ಓದುತ್ತೇವೆ. ಎಡಪುಟದ ಕೆಳಗಿನ ಎಡಮೂಲೆಯ ಚೌಕ ಓದಿದ ಕೂಡಲೇ ಪುಟ ತಿರುಗಿಸಬೇಕು. ಅನುಭವಿ ಕಲಾವಿದರು ಆ ಮೂಲೆಯಲ್ಲಿ ಪ್ರಶ್ನೆ ಇಡುತ್ತಾರೆ: ಯಾರೋ ತಿರುಗಿ ನೋಡುತ್ತಾರೆ, ಬಾಗಿಲು ತೆರೆಯುತ್ತದೆ, ಒಬ್ಬ ಬಾಯಿ ತೆರೆಯುತ್ತಾನೆ. ಉತ್ತರ ಮುಂದಿನ ಹಾಳೆಯ ಬಲಪುಟದಲ್ಲಿ, ಹೆಚ್ಚಾಗಿ ದೊಡ್ಡ ಚಿತ್ರವಾಗಿ ಬರುತ್ತದೆ. ಗತಿ ನೋಡುವುದನ್ನು ಕಲಿಯಬೇಕೆಂದರೆ ಮೊದಲು ಈ ಮೂಲೆಗಳನ್ನು ನೋಡಲು ಕಲಿಯಿರಿ. ಜೊತೆಗೆ ಪುಟಕ್ಕೆ ಎಷ್ಟು ಚೌಕ ಎಂಬುದನ್ನೂ ಗಮನಿಸಿ. ಚೌಕ ಹೆಚ್ಚಾದಷ್ಟೂ ಕಣ್ಣು ಚುರುಕಾಗಿ ಓಡುತ್ತದೆ, ಕಡಿಮೆಯಾದಷ್ಟೂ ನಿಲ್ಲುತ್ತದೆ. ‘ಒನ್ ಪೀಸ್’ನ ಮೊದಲ ಸಂಪುಟಗಳ ಪಕ್ಕ ಇತ್ತೀಚಿನ ಒಂದು ಸಂಪುಟ ಬಿಡಿಸಿಟ್ಟು ನೋಡಿ. ಈಗಿನ ಪುಟಗಳಲ್ಲಿ ಉಸಿರಾಡಲು ಜಾಗವಿಲ್ಲ. ಮೂಲೆಮೂಲೆಯಲ್ಲೂ ಮುಖ, ಮಾತು, ಸದ್ದಿನ ಅಕ್ಷರ. ಓದು ಭಾರವಾಗಲು ಕಥೆಯ ಉದ್ದಕ್ಕಿಂತ ಈ ಇಕ್ಕಟ್ಟೇ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ.

9ನೇ ಸಂಪುಟದ 81ನೇ ಅಧ್ಯಾಯವನ್ನು ಹತ್ತಿರದಿಂದ ನೋಡೋಣ. ಮೀನುಮನುಷ್ಯ ಆರ್ಲಾಂಗ್ ಊರನ್ನು ಹಿಡಿದಿಟ್ಟುಕೊಂಡಿದ್ದಾನೆ. ಹತ್ತು ಕೋಟಿ ಬೆರಿ ಕೊಟ್ಟರೆ ಊರನ್ನು ಬಿಡುತ್ತೇನೆ ಎಂಬ ಅವನ ಮಾತು ನಂಬಿ ಆ ಊರಿನ ಹುಡುಗಿ ನಾಮಿ ಎಂಟು ವರ್ಷ ಕದ್ದು ಕೂಡಿಟ್ಟಿದ್ದಾಳೆ, ಒಂಬತ್ತು ಕೋಟಿ ಮೂವತ್ತು ಲಕ್ಷ ಆಗಿದೆ. ಅಷ್ಟೂ ಹಣವನ್ನು ಭ್ರಷ್ಟ ನೌಕಾ ಅಧಿಕಾರಿಯೊಬ್ಬ ಆರ್ಲಾಂಗ್‌ನ ಕುಮ್ಮಕ್ಕಿನಿಂದ ದೋಚಿದ ಮೇಲೆ ಅವಳು ನೆಲದ ಮೇಲೆ ಕುಕ್ಕರಿಸಿ, ತೋಳಿನ ಮೇಲಿರುವ ಆರ್ಲಾಂಗ್ ಗುರುತಿನ ಹಚ್ಚೆಗೆ ಚಾಕುವಿನಿಂದ ಚುಚ್ಚಿಕೊಳ್ಳುತ್ತಾಳೆ. ಮತ್ತೆ ಮತ್ತೆ. ಲೂಫಿ ಬಂದು ಕೈ ಹಿಡಿಯುತ್ತಾನೆ. ನಿನಗೇನು ಗೊತ್ತು, ಊರು ಬಿಟ್ಟು ಹೋಗು ಎಂದು ಅವನ ಮೇಲೆ ಮಣ್ಣೆರಚುತ್ತಾಳೆ. ಆಮೇಲೆ ಅಳುತ್ತ ತಿರುಗಿ, ಸಹಾಯ ಮಾಡು ಎನ್ನುತ್ತಾಳೆ. ಲೂಫಿ ಏನೂ ಹೇಳದೆ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗಿಟ್ಟು ನಾಲ್ಕು ಹೆಜ್ಜೆ ನಡೆಯುತ್ತಾನೆ, ಆಮೇಲಷ್ಟೇ ಕೂಗುತ್ತಾನೆ. ದಾರಿಯಲ್ಲಿ ಕೂತಿದ್ದ ಮೂವರು ಸಂಗಾತಿಗಳು ಏಳುತ್ತಾರೆ. ನಾಲ್ವರೂ ನಡೆಯುತ್ತಾರೆ.

ಇದಕ್ಕೆ ಹಿಂದೆ ಎಷ್ಟು ಖರ್ಚಾಗಿದೆ ನೋಡಿ. ಆ ಟೋಪಿ ಮೊದಲ ಅಧ್ಯಾಯದ್ದು, ಲೂಫಿಗಾಗಿ ಒಂದು ಕೈ ಕಳೆದುಕೊಂಡ ಶಾಂಕ್ಸ್ ಕೊಟ್ಟದ್ದು. ಕೋಡಂಗಿ ವೇಷದ ಬಗ್ಗಿ ಅದನ್ನು ಹರಿದಾಗ ಲೂಫಿ ಕೆರಳಿದ್ದನ್ನು ನಾಮಿಯೇ ಕಣ್ಣಾರೆ ಕಂಡಿದ್ದಳು, ಆಮೇಲೆ ಅದನ್ನು ಹೊಲಿದುಕೊಟ್ಟವಳೂ ಅವಳೇ. ಕೆಲವೇ ಪುಟ, ತಮಾಷೆಯ ನಡುವೆ ಬಂದುಹೋದ ಸಂಗತಿ. ಇನ್ನೊಂದು ಕಡೆ, ನಾಮಿಯ ಅಕ್ಕ ಹಳೆಯ ಕಥೆಯನ್ನೆಲ್ಲ ಹೇಳಲು ಕೂತಾಗ ಲೂಫಿ ‘ನನಗೆ ಬೇಡ’ ಎಂದು ಎದ್ದು ಹೋಗುತ್ತಾನೆ. ಓದುಗರಿಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ. ಏನೂ ಗೊತ್ತಿಲ್ಲದೆಯೇ ಅವನು ಟೋಪಿ ಇಡುತ್ತಾನೆ ಎಂಬುದರಲ್ಲಿ ಆ ಪುಟದ ಬಿಸಿ ಇದೆ. ಫ್ಲ್ಯಾಷ್‌ಬ್ಯಾಕನ್ನು ಮಾತ್ರ ನೋಡಿ ‘ಅಳಿಸಲು ತುರುಕಿದ್ದಾನೆ’ ಎನ್ನುವವರು ಎದ್ದು ಹೋದ ಲೂಫಿಯನ್ನು ಮರೆತಿರುತ್ತಾರೆ.

ಮಾತು ಪೂರ್ತಿ ಕಿತ್ತುಹಾಕಿ ಗತಿ ಕಟ್ಟಿದ ಉದಾಹರಣೆ ಬೇಕೆಂದರೆ ತಾಕೆಹಿಕೊ ಇನೌಯೆ ಅವರ ‘ಸ್ಲ್ಯಾಮ್ ಡಂಕ್’ನ (1990–1996) ಕೊನೆಯ ಪಂದ್ಯಕ್ಕೆ ಹೋಗಿ. ಸಾನ್ನೋ ಶಾಲೆಯ ವಿರುದ್ಧದ ಆ ಬಾಸ್ಕೆಟ್‌ಬಾಲ್ ಪಂದ್ಯ ಹಲವು ಸಂಪುಟ ನುಂಗುತ್ತದೆ. ಕೊನೆಯ ಸೆಕೆಂಡುಗಳಲ್ಲಿ ಮಾತಿನ ಗುಳ್ಳೆಗಳೇ ಇಲ್ಲ, ಬರೀ ಕಾಲು, ಚೆಂಡು, ಬೆವರು. ಆಮೇಲೆ ಮೊದಲ ದಿನದಿಂದ ಹಾವು–ಮುಂಗುಸಿಯಂತಿದ್ದ ಸಕುರಾಗಿ ಮತ್ತು ರುಕಾವಾ ಎರಡು ಪುಟದಗಲಕ್ಕೆ ಕೈಗೆ ಕೈ ತಟ್ಟುತ್ತಾರೆ. ಆ ಒಂದು ಸದ್ದಿಗಾಗಿ ಅಷ್ಟು ಪುಟ ಮೌನ.

ಒಂದು ಸಾಲಿನ ಪರೀಕ್ಷೆ

ಈಗ ಕೈಗೆ ಕೆಲಸ. ಎಳೆದಿದೆ ಅನ್ನಿಸುವ ಪರ್ವವನ್ನು ಮತ್ತೆ ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಅಧ್ಯಾಯ ಮುಗಿದ ಮೇಲೆ ಒಂದೇ ಸಾಲು ಬರೆಯಿರಿ: ಈ ಅಧ್ಯಾಯದಲ್ಲಿ ಯಾರಿಗೆ ಏನು ಹೊಸದಾಗಿ ಗೊತ್ತಾಯಿತು, ಯಾರು ಏನು ಕಳೆದುಕೊಂಡರು, ಯಾರ ಮನಸ್ಸು ಯಾವ ಕಡೆ ತಿರುಗಿತು? ‘ಇಬ್ಬರು ಹೊಡೆದಾಡಿದರು’ ಎಂಬುದು ಉತ್ತರವಲ್ಲ. ಹೊಡೆದಾಟದಿಂದ ಏನು ಬದಲಾಯಿತು ಎಂದು ಬರೆಯಬೇಕು. ಸಾಲು ಸಾಲಾಗಿ ಮೂರು ಅಧ್ಯಾಯಕ್ಕೆ ಬರೆಯಲು ಏನೂ ಸಿಗದಿದ್ದರೆ ಅಲ್ಲಿ ಗತಿ ನಿಜಕ್ಕೂ ಸಡಿಲವಾಗಿದೆ. ದಿನಕ್ಕೊಂದು ಸಂಪುಟ ಓದಿದರೂ ಆ ಖಾಲಿ ಖಾಲಿಯೇ.

ಡ್ರೆಸ್‌ರೋಸಾ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗುವುದಿಲ್ಲ. ಅಲ್ಲಿನ ಮಲ್ಲರಂಗದ ಹೋರಾಟಗಾರರು ಡಜನ್‌ಗಟ್ಟಲೆ ಇದ್ದಾರೆ. ಒಂದೊಂದು ಏಟು ಬಿದ್ದಾಗಲೂ ಅವರ ಬೆರಗು, ಊರವರ ಬೆರಗು, ವೈರಿಗಳ ಬೆರಗು ಸರದಿಯ ಮೇಲೆ ಬರುತ್ತದೆ. ನಮ್ಮ ಟಿವಿ ಧಾರಾವಾಹಿಯಲ್ಲಿ ಅತ್ತೆ ಒಂದು ಮಾತು ಆಡಿದರೆ ಮನೆಯವರ ಮುಖವನ್ನೆಲ್ಲ ಕ್ಯಾಮೆರಾ ಮೂರು ಮೂರು ಸಲ ಸುತ್ತಿ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ಪರ್ವದ ಖಳನಾಯಕ ಡೊಫ್ಲಮಿಂಗೊ ಊರಿನ ಸುತ್ತ ನೂಲಿನ ಪಂಜರ ಹಾಕಿ ಅದನ್ನು ಕುಗ್ಗಿಸುತ್ತ ಬರುವ ಭಾಗದಲ್ಲಿ ಸಮಯ ಓಡುತ್ತಿದೆ ಎಂಬ ಒತ್ತಡವೇ ಕಥೆಯ ಜೀವಾಳ. ಆದರೆ ಬೆರಗಿನ ಚೌಕಗಳು ಆ ಒತ್ತಡವನ್ನೇ ಸೋರಿಸಿಬಿಡುತ್ತವೆ.

ಅದೇ ಪರ್ವದ ಒಳಗೆ, 76 ಮತ್ತು 77ನೇ ಸಂಪುಟದ ನಡುವೆ, ಏಳು ಅಧ್ಯಾಯದ ಒಂದು ಫ್ಲ್ಯಾಷ್‌ಬ್ಯಾಕ್ ಇದೆ. ಟ್ರಫಾಲ್ಗರ್ ಲಾ ಎಂಬ ತಣ್ಣಗಿನ ವೈದ್ಯ 51ನೇ ಸಂಪುಟದಿಂದ ಕಥೆಯಲ್ಲಿದ್ದಾನೆ. ಅವನ ಹಳೆಯ ಬದುಕಿನ ಬಗ್ಗೆ ಅಲ್ಲಿಯವರೆಗೆ ಹೆಚ್ಚೇನೂ ಗೊತ್ತಿಲ್ಲ. ಸಾಯುವ ಕಾಯಿಲೆ ಹತ್ತಿದ ಬಾಲಕ ಲಾನನ್ನು ಡೊಫ್ಲಮಿಂಗೊನ ತಮ್ಮ ಕೊರಾಜಾನ್ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೊತ್ತು ತಿರುಗುತ್ತಾನೆ, ಎಲ್ಲೆಡೆಯೂ ಓಡಿಸುತ್ತಾರೆ. ಕೊರಾಜಾನ್‌ಗೆ ಇರುವ ಶಕ್ತಿ ಸದ್ದು ಅಡಗಿಸುವುದು. ಕೊನೆಯಲ್ಲಿ ಹುಡುಗನನ್ನು ಪೆಟ್ಟಿಗೆಯಲ್ಲಿ ಅಡಗಿಸಿ, ಅವನ ಸದ್ದು ಹೊರಗೆ ಕೇಳದಂತೆ ಮಾಡಿ, ತಾನು ಅದೇ ಪೆಟ್ಟಿಗೆಗೆ ಒರಗಿ ಅಣ್ಣನ ಗುಂಡಿಗೆ ಎದೆಯೊಡ್ಡುತ್ತಾನೆ. ಒಳಗಿನ ಹುಡುಗ ಕಿರುಚುವುದನ್ನು ನಾವು ಓದುತ್ತೇವೆ, ಪುಟದ ಮೇಲಿರುವ ಇನ್ಯಾರಿಗೂ ಅದು ಕೇಳಿಸುವುದಿಲ್ಲ. ಕೇಳಿಸದ ಕೂಗನ್ನು ಅಕ್ಷರದಲ್ಲಿ ತೋರಿಸುವುದು ಮಾಂಗಾಕ್ಕೆ ಮಾತ್ರ ದಕ್ಕುವ ಉಪಾಯ. ಈ ಏಳು ಅಧ್ಯಾಯ ಓದುವಾಗ ಹಾಳೆಯಲ್ಲಿ ಸಾಲುಗಳು ತುಂಬಿ ತುಳುಕುತ್ತವೆ. ಹಾಗಾದರೆ ಡ್ರೆಸ್‌ರೋಸಾ ನಿಧಾನವೋ ಅಲ್ಲವೋ? ಅದರ ಉದ್ದ ತೊಂದರೆಯಲ್ಲ, ಒಳಗಿನ ಹಂಚಿಕೆ ಕೆಟ್ಟಿದೆ. ‘ಎಷ್ಟು ಅಧ್ಯಾಯ’ ಎಂದು ಕೇಳುವುದಕ್ಕಿಂತ ‘ಯಾರಿಗೆ ಎಷ್ಟು ಪುಟ’ ಎಂದು ಕೇಳಿದರೆ ಇಂಥ ಪರ್ವಗಳ ಹುಳುಕು ಬೇಗ ಸಿಗುತ್ತದೆ. 2018ರಿಂದ 2022ರವರೆಗೆ ನಡೆದ ವಾನೊ ಪರ್ವಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಓಡೆನ್ ಎಂಬ ಪಾತ್ರದ ಫ್ಲ್ಯಾಷ್‌ಬ್ಯಾಕ್ ಬಿಗಿಯಾಗಿದೆ, ಆಮೇಲಿನ ದಾಳಿಯಲ್ಲಿ ಪಾತ್ರಗಳ ಜಾತ್ರೆ.

ನಿಧಾನವೇ ಸರಿಯಾದ ಗತಿ ಎನಿಸುವ ಕಥೆಗಳೂ ಇವೆ. ಯೊಶಿಹಿರೊ ತೊಗಾಶಿ ಅವರ ‘ಹಂಟರ್ × ಹಂಟರ್’ನಲ್ಲಿ ಅರಮನೆಗೆ ಮುತ್ತಿಗೆ ಹಾಕುವ ಭಾಗದಲ್ಲಿ ಕೆಲವೇ ನಿಮಿಷಗಳ ಘಟನೆ ಹತ್ತಾರು ಅಧ್ಯಾಯಕ್ಕೆ ಹಿಗ್ಗುತ್ತದೆ. ಆದರೆ ಒಂದೊಂದು ಕ್ಷಣದಲ್ಲೂ ಒಬ್ಬನ ಅಂದಾಜು ತಪ್ಪುತ್ತದೆ, ಇನ್ನೊಬ್ಬನ ಸಂಕಲ್ಪ ಸಡಿಲವಾಗುತ್ತದೆ. ಒಂದು ಸಾಲಿನ ಪರೀಕ್ಷೆಗೆ ಅಲ್ಲಿ ಉತ್ತರಕ್ಕೆ ಬರವಿಲ್ಲ. ಕೊನೆಯಲ್ಲಿ ರಾಜ ಮೆರುಯೆಮ್ ಮತ್ತು ಕುರುಡು ಹುಡುಗಿ ಕೊಮುಗಿ ಗುಂಗಿ ಆಟ ಆಡುತ್ತ ಕೂತಾಗ ಚೌಕಗಳು ಕಪ್ಪಾಗಿ, ಮಾತಷ್ಟೇ ಉಳಿಯುತ್ತದೆ. ಅಷ್ಟು ಹೊತ್ತು ಗಡಿಯಾರವನ್ನು ಹಿಡಿದಿಟ್ಟ ಕಥೆ ಅಲ್ಲಿ ಗಡಿಯಾರವನ್ನು ಮರೆಸಿಬಿಡುತ್ತದೆ.

ಮಕೊತೊ ಯುಕಿಮುರಾ ಅವರ ‘ವಿನ್ಲೆಂಡ್ ಸಾಗಾ’ದ್ದು ಇನ್ನೂ ದಿಟ್ಟ ನಡೆ. ರಕ್ತ, ಸೇಡು, ಯುದ್ಧ ತುಂಬಿದ 54 ಅಧ್ಯಾಯ ಮುಗಿದ ಮೇಲೆ ಇಷ್ಟೂ ಪೀಠಿಕೆ ಎಂದು ಲೇಖಕರು ಹೇಳುತ್ತಾರೆ! ಮುಂದಿನ ಸುಮಾರು 45 ಅಧ್ಯಾಯ ನಾಯಕ ಥೊರ್ಫಿನ್ ಜೀತದಾಳಾಗಿ ಕಾಡು ಕಡಿದು, ಬೇರು ಕಿತ್ತು, ಗೋಧಿ ಬಿತ್ತುತ್ತಾನೆ. ಸೇಡಿನ ಕಥೆಗೆಂದು ಬಂದ ಅನೇಕರು ಇಲ್ಲಿ ಪುಸ್ತಕ ಮುಚ್ಚಿದರು. ಉಳಿದವರಿಗೆ ಒಂದು ದೃಶ್ಯ ಕಾದಿತ್ತು. ಕತ್ತಿ ಹಿಡಿದರೆ ಕ್ಷಣದಲ್ಲಿ ಮುಗಿಸಬಲ್ಲವನು ಸುಮ್ಮನೆ ನಿಂತು ಒಬ್ಬ ದಾಂಡಿಗನಿಂದ ನೂರು ಗುದ್ದು ತಿನ್ನುತ್ತಾನೆ. ಆ ಬೇಸಾಯದ ನಿಧಾನ ಇಲ್ಲದಿದ್ದರೆ ಈ ನೂರು ಗುದ್ದು ಬರೀ ಹುಂಬತನವಾಗಿ ಕಾಣುತ್ತಿತ್ತು.

ಕಣ್ಣೀರಿನ ಲೆಕ್ಕ

ಓದುವಾಗ ಕಣ್ಣು ಒದ್ದೆಯಾಯಿತು ಎಂಬುದು ಸಾಕ್ಷಿಯಾಗಿ ಸಾಲದು. ಅನಾಥ ಮಗು, ಸಾಯುವ ತಾಯಿ, ಮಳೆ ಇಷ್ಟಿದ್ದರೆ ಯಾರಾದರೂ ಅಳಿಸಬಲ್ಲರು. ಆ ಭಾವಕ್ಕೆ ಹಿಂದೆ ಹಾಕಿದ ಅಡಿಪಾಯ ಎಂಥದು ಎಂದು ನೋಡಬೇಕು. ಅದನ್ನು ಹಾಕುವಾಗ ಓದುಗರಿಗೆ ಗೊತ್ತಾಗಿತ್ತೇ? ಗೊತ್ತಾಗದೆ ಹಾಕಿದ್ದು ಹೆಚ್ಚು ಕಾಲ ಉಳಿಯುತ್ತದೆ.

ಗೋಯಿಂಗ್ ಮೆರಿ ಹಡಗಿನ ಕಥೆ ಇದಕ್ಕೆ ತಕ್ಕ ಪಾಠ. 1998ರಲ್ಲಿ, 5ನೇ ಸಂಪುಟದ 41ನೇ ಅಧ್ಯಾಯದಲ್ಲಿ ಕುರಿಯ ತಲೆಯ ಆ ಪುಟ್ಟ ಹಡಗನ್ನು ಕಾಯಾ ಎಂಬ ಹುಡುಗಿ ಉಡುಗೊರೆಯಾಗಿ ಕೊಡುತ್ತಾಳೆ. ಅಲ್ಲಿಂದ ಮುಂದೆ ಪರ್ವಕ್ಕೊಂದು ಪೆಟ್ಟು: ತಿಮಿಂಗಿಲಕ್ಕೆ ಡಿಕ್ಕಿಯಾಗಿ ಕುರಿತಲೆ ಮುರಿಯುತ್ತದೆ, ಹೊಟ್ಟೆಬಾಕ ರಾಜ ವಾಪೊಲ್ ಹಡಗನ್ನೇ ಕಚ್ಚಿ ತಿನ್ನುತ್ತಾನೆ. ಪ್ರತಿ ಸಲವೂ ಲೂಫಿಯ ಸಂಗಾತಿ ಉಸೊಪ್ ಗೊಣಗುತ್ತ ತಗಡು ಹೊಡೆದು ತೇಪೆ ಹಾಕುತ್ತಾನೆ. ಎಲ್ಲವೂ ನಗೆಗೆಂದು ಬರೆದ ಪುಟಗಳು. ವಾಟರ್ ಸೆವೆನ್ ಎಂಬ ಊರಿನಲ್ಲಿ ಹಡಗಿನ ಅಡಿಮರವೇ ಮುರಿದಿದೆ, ಇನ್ನು ರಿಪೇರಿ ಆಗದು ಎಂದು ಬಡಗಿಗಳು ಹೇಳಿದಾಗ ಆ ನಗೆಯೆಲ್ಲ ಒಮ್ಮೆಲೇ ತಿರುಗಿ ನಿಲ್ಲುತ್ತದೆ. 333ನೇ ಅಧ್ಯಾಯದಲ್ಲಿ ಲೂಫಿ ಮತ್ತು ಉಸೊಪ್ ಹಡಗಿನ ವಿಷಯಕ್ಕೇ ಕೈಕೈ ಮಿಲಾಯಿಸುತ್ತಾರೆ. 2006ರಲ್ಲಿ, 430ನೇ ಅಧ್ಯಾಯದಲ್ಲಿ, ಹಿಮ ಬೀಳುತ್ತಿರುವಾಗ ಹಡಗಿಗೆ ಲೂಫಿ ತಾನೇ ಬೆಂಕಿ ಇಡುತ್ತಾನೆ. ಮರದ ಹಡಗಿಗೆ ಅಳಬೇಕೆ ಎಂದು ಕೇಳುವವರು ತೇಪೆಗಳನ್ನು ಒಂದೊಂದಾಗಿ ಹಿಂದಕ್ಕೆ ಹೋಗಿ ನೋಡಲಿ.

ಲಬೂನ್ ಎಂಬ ತಿಮಿಂಗಿಲದ್ದು ಇನ್ನೂ ಉದ್ದದ ಕಂತು. ಹಿಂದಿರುಗಿ ಬರುತ್ತೇವೆಂದು ಹೋದ ಕಡಲ್ಗಳ್ಳರಿಗಾಗಿ ಅದು 50 ವರ್ಷದಿಂದ ಕಾಯುತ್ತಿದೆ ಎಂದು 12ನೇ ಸಂಪುಟದಲ್ಲಿ ತಿಳಿಯುತ್ತದೆ. ಕಥೆ ಮುಂದೆ ಹೋಗುತ್ತದೆ, ಓದುಗರೂ ಮರೆಯುತ್ತಾರೆ. 50ನೇ ಸಂಪುಟದಲ್ಲಿ, 488ನೇ ಅಧ್ಯಾಯದ ಹೊತ್ತಿಗೆ, ಹಾಡುವ ಅಸ್ಥಿಪಂಜರ ಬ್ರೂಕ್ ಆ ತಂಡದಲ್ಲಿ ಉಳಿದ ಒಬ್ಬನೇ ಒಬ್ಬ ಎಂಬ ಕಥೆ ಪೂರ್ತಿಯಾಗುತ್ತದೆ. ನಡುವೆ ಎಂಟು ವರ್ಷಕ್ಕೂ ಹೆಚ್ಚು. ಇಷ್ಟಾಗಿಯೂ ಇಬ್ಬರೂ ಮತ್ತೆ ಭೇಟಿಯಾಗುವುದನ್ನು ಓಡಾ ಇನ್ನೂ ಕೊಟ್ಟಿಲ್ಲ. ಬ್ರೂಕ್ ಬರುವ ಸಂಪುಟ ಓದುವ ಮೊದಲು 12ನೇ ಸಂಪುಟದ ಆ ಮೂರು ಅಧ್ಯಾಯ ತಿರುಗಿ ಓದಿ. ಹತ್ತು ನಿಮಿಷದ ಕೆಲಸ, ಅನುಭವ ಇಮ್ಮಡಿ. ದೊಡ್ಡ ಧಾರಾವಾಹಿಗಳಲ್ಲಿ ಹೀಗೆ ಹಿಂದೆ ಹೋಗಿ ಬರುವುದನ್ನು ಓದಿನ ಭಾಗವೆಂದೇ ತಿಳಿಯಬೇಕು.

ಏಸ್‌ನ ಸಾವಿನ ವಿಚಾರದಲ್ಲಿ ನನಗೆ ಇಬ್ಬಗೆಯ ಅಭಿಪ್ರಾಯವಿದೆ. ಲೂಫಿಯ ಅಣ್ಣ ಏಸ್ ಅಲಬಾಸ್ತಾ ಪರ್ವದಲ್ಲಿ ಬಂದು ಬೇಗ ಹೋಗಿಬಿಡುತ್ತಾನೆ. ಅವನನ್ನು ಓದುಗರ ನೆನಪಿನಲ್ಲಿ ಉಳಿಸಲು ಓಡಾ ಜಾಣ ದಾರಿ ಹಿಡಿದರು. ಅಧ್ಯಾಯಗಳ ಶೀರ್ಷಿಕೆ ಪುಟದ ಚಿತ್ರಗಳಲ್ಲಿ, ಬ್ಲ್ಯಾಕ್‌ಬಿಯರ್ಡ್‌ನನ್ನು ಹುಡುಕಿ ಹೊರಟ ಏಸ್‌ನ ಪುಟ್ಟ ಕಥೆಯನ್ನು ವಾರ ವಾರ ಬಿಡಿಸುತ್ತ ಹೋದರು. ಮುಖ್ಯ ಕಥೆಯ ಒಂದು ಪುಟವೂ ಖರ್ಚಾಗಲಿಲ್ಲ. ಶೀರ್ಷಿಕೆ ಪುಟಗಳನ್ನು ಹಾರಿಸಿ ಓದುವವರಿಗೆ ಇದು ತಪ್ಪಿಹೋಗಿರುತ್ತದೆ, ದಯವಿಟ್ಟು ಹಾರಿಸಬೇಡಿ. 2010ರ 574ನೇ ಅಧ್ಯಾಯದಲ್ಲಿ ಅವನು ಸತ್ತಾಗ ಓದುಗರು ತತ್ತರಿಸಿದ್ದು ನಿಜ. ಆದರೆ ಅಣ್ಣತಮ್ಮಂದಿರ ಬಾಲ್ಯ, ಮೂರನೆಯ ಸೋದರ ಸಾಬೊ, ಹಂಚಿಕೊಂಡ ಸಾಕೆ ಬಟ್ಟಲು ಇವೆಲ್ಲ ಬರುವುದು ಅವನು ಸತ್ತ ಮೇಲೆ, 59ನೇ ಸಂಪುಟದ ಕೊನೆ ಮತ್ತು 60ರಲ್ಲಿ. ಸಾವಿನ ಪುಟದಲ್ಲಿ ನಮಗಾಗುವುದು ಆಘಾತ, ದುಃಖ ತಡವಾಗಿ ಬರುತ್ತದೆ. ಕೆಲವರಿಗೆ ಇದೇ ಹಿಡಿಸುತ್ತದೆ, ನಿಜವಾದ ಸಾವಿನಲ್ಲೂ ನೆನಪು ಆಮೇಲೆ ತಾನೇ ಬರುವುದು ಎನ್ನುತ್ತಾರೆ. ನನಗೆ ಬಾಲ್ಯದ ಅರ್ಧದಷ್ಟಾದರೂ ಮೊದಲೇ ಬೇಕಿತ್ತು.

ಆ ಸಾವು ಅಷ್ಟು ಜೋರಾಗಿ ತಟ್ಟಲು ಓಡಾ ಅವರ ಒಂದು ದೌರ್ಬಲ್ಯವೂ ಕಾರಣ. ಅವರಿಗೆ ಪಾತ್ರಗಳನ್ನು ಕೊಲ್ಲಲು ಮನಸ್ಸು ಬರುವುದಿಲ್ಲ. ಅಲಬಾಸ್ತಾದಲ್ಲಿ ಪೆಲ್ ಎಂಬ ಯೋಧ ಬಾಂಬನ್ನು ಹೊತ್ತು ಆಕಾಶಕ್ಕೆ ಹಾರಿ ಅದು ಸಿಡಿದ ಮೇಲೆ ನಾವು ಅತ್ತದ್ದು ದಂಡವಾಯಿತು, ಕೆಲವೇ ಅಧ್ಯಾಯದಲ್ಲಿ ಅವನು ತನ್ನದೇ ಸಮಾಧಿಯ ಮುಂದೆ ಬಂದು ನಿಂತ. ಆಮೇಲೂ ಹೀಗೆ ‘ಸತ್ತು’ ಎದ್ದವರ ಪಟ್ಟಿ ಉದ್ದವಿದೆ. ಇಂಥ ಪ್ರತಿ ಮೋಸಕ್ಕೂ ಬೆಲೆಯುಂಟು. ಮುಂದಿನ ಸಲ ಯಾರಾದರೂ ಬಿದ್ದಾಗ ಓದುಗ ಅಳುವ ಮೊದಲು ಶವ ಎಲ್ಲಿ ಎಂದು ಕೇಳುತ್ತಾನೆ. ಯಾವುದೇ ಧಾರಾವಾಹಿಯನ್ನು ಅಳೆಯುವಾಗ ಇದನ್ನು ಗುರುತು ಹಾಕಿಕೊಳ್ಳಿ: ಕಥೆ ಕಿತ್ತುಕೊಂಡದ್ದನ್ನು ಎಷ್ಟು ಸಲ ಪುಕ್ಕಟೆಯಾಗಿ ಹಿಂತಿರುಗಿಸಿತು?

ತಡವಾಗಿ ಬರುವ ಫಲಕ್ಕೊಂದು ಅಪಾಯವೂ ಇದೆ. ಕೆಂಟಾರೊ ಮಿಯುರಾ ಅವರ ‘ಬರ್ಸರ್ಕ್’ನಲ್ಲಿ ‘ಎಕ್ಲಿಪ್ಸ್’ ಘಟನೆಯಲ್ಲಿ ಬುದ್ಧಿ ಕಳೆದುಕೊಂಡ ಕಾಸ್ಕಾ ಮತ್ತೆ ತನ್ನತನಕ್ಕೆ ಮರಳಿದ್ದು 2018ರಲ್ಲಿ, ಎರಡು ದಶಕ ಕಳೆದ ಮೇಲೆ. ಆ ನಡುವೆ ಹಡಗಿನ ಪ್ರಯಾಣವೊಂದು ಅದೆಷ್ಟು ಎಳೆಯಿತೆಂದರೆ ಓದುಗರಲ್ಲಿ ಅದೊಂದು ಜೋಕೇ ಆಗಿಬಿಟ್ಟಿತು. 2021ರ ಮೇ ತಿಂಗಳಲ್ಲಿ ಮಿಯುರಾ ತೀರಿಕೊಂಡರು. ಅವರ ಗೆಳೆಯ ಕೋಜಿ ಮೋರಿ ಮತ್ತು ಸ್ಟುಡಿಯೊ ಗಾಗಾದವರು 2022ರಿಂದ ಕಥೆಯನ್ನು ಮುಂದುವರಿಸುತ್ತಿದ್ದಾರೆ. ಕಾದಷ್ಟೂ ಫಲ ಸಿಹಿಯಾಗುತ್ತದೆ ಎಂಬ ಲೆಕ್ಕ ಬರೆಯುವವರ ಆಯುಷ್ಯವನ್ನೂ ನೆಚ್ಚಿಕೊಂಡಿದೆ.

ಎಲ್ಲಿಯವರೆಗೆ ಓದಿ ನೋಡಬೇಕು?

‘ಒನ್ ಪೀಸ್’ ಶುರು ಮಾಡುವವರಿಗೆ ನನ್ನ ಸಲಹೆ ಹೀಗೆ. ವಿಝ್ ಮೀಡಿಯಾದ ಇಂಗ್ಲಿಷ್ ಸಂಪುಟಗಳು ಬೆಂಗಳೂರಿನ ದೊಡ್ಡ ಪುಸ್ತಕದಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಮೂರು ಸಂಪುಟ ಸೇರಿಸಿದ ದಪ್ಪ ಆವೃತ್ತಿ ಹಿಡಿದರೆ ದುಡ್ಡೂ ಉಳಿಯುತ್ತದೆ, ವಾರದ ಗಾಳಗಳ ಕಾಟವೂ ತಪ್ಪುತ್ತದೆ. ಅಂಥ ನಾಲ್ಕು ಪುಸ್ತಕ ತಂದರೆ 12ನೇ ಸಂಪುಟದವರೆಗೆ ಆಯಿತು. ದಿನಕ್ಕೆ ಒಂದು ಸಂಪುಟಕ್ಕಿಂತ ಹೆಚ್ಚು ಓದಬೇಡಿ. ಗಬಗಬನೆ ಓದಿದರೆ ತಮಾಷೆಯ ಪುಟಗಳು ಕಣ್ಣಿಗೆ ಬೀಳುವುದಿಲ್ಲ, ಓಡಾ ತಮ್ಮ ಸಾಮಾನು ಅಡಗಿಸಿಡುವುದು ಅಲ್ಲೇ.

ಆರ್ಲಾಂಗ್‌ನ ಕಥೆ ಮುಗಿಯುವುದು 95ನೇ ಅಧ್ಯಾಯದಲ್ಲಿ, 11ನೇ ಸಂಪುಟದೊಳಗೆ. ಟೋಪಿಯ ದೃಶ್ಯವನ್ನು ಅಷ್ಟರಲ್ಲಿ ದಾಟಿರುತ್ತೀರಿ. ಅದು ನಿಮ್ಮನ್ನು ತಟ್ಟಿದ್ದರೆ ಮುಂದಿನ ಸಡಿಲ ಭಾಗಗಳನ್ನು ಸಹಿಸುವಷ್ಟು ಪ್ರೀತಿ ಹುಟ್ಟಿರುತ್ತದೆ. ತಟ್ಟದಿದ್ದರೆ ‘ನೂರಾದ ಮೇಲೆ ಚೆನ್ನಾಗಿದೆ, ಮುನ್ನೂರಾದ ಮೇಲೆ ಇನ್ನೂ ಚೆನ್ನಾಗಿದೆ’ ಎಂಬ ಗೆಳೆಯರ ಮಾತಿಗೆ ಕಿವಿಗೊಡದೆ ನಿಲ್ಲಿಸಿಬಿಡಿ. ಹಿರೊಮು ಅರಕಾವಾ ಅವರ ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ 27 ಸಂಪುಟಕ್ಕೆ ಮುಗಿದುಹೋಗಿದೆ. ಮೊದಲ ಸಂಪುಟದಲ್ಲಿ ಕಳೆದುಹೋದ ಕೈಕಾಲುಗಳ ಲೆಕ್ಕವನ್ನು ಕೊನೆಯ ಸಂಪುಟದಲ್ಲಿ ಚುಕ್ತಾ ಮಾಡುವ ಕಥೆ ಅದು. ಅದನ್ನೇ ತಂದು ಓದಿ.